ಡೆಕ್ ಹನುಮಂತಪ್ಪನವರ ಅಂಗೈ

ಹನುಮಂತಪ್ಪ ಹಾಡು ಕೇಳುತ್ತಿದ್ದದ್ದು ಅಂಗೈಯಿಂದ. ಕಾರಿನೊಳಗೆ ಡೆಕ್ ಹಚ್ಚಿ, ತಾವು ಹೊರಗೆ ನಿಂತು, ಬಾಗಿಲಿಗೆ ಬಲಗೈಯನ್ನು ಅಗಲವಾಗಿ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವ ದನದ ಡಾಕ್ಟರರ ಗಾಂಭೀರ್ಯ ಆಗ ಅವರ ಮುಖಕ್ಕೆ ಬರುತ್ತಿತ್ತು. ಆಮೇಲೆ ಕೈಯನ್ನು ಒಂದು ಗೇಣು ಮುಂದಕ್ಕೆ, ಒಂದು ಗೇಣು ಕೆಳಕ್ಕೆ ಸರಿಸಿ, "ಇಲ್ಲಿ ನಡುಗಾಕತ್ತಿದ್ದು ಹಾಡಲ್ಲ, ಪ್ಯಾನೆಲ್ಲು" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅಲ್ಲೊಂದು ಕ್ಲಿಪ್ಪು ಸಡಿಲವಾಗಿರುತ್ತಿತ್ತು.

ಕಾರು, ಜೀಪುಗಳಿಗೆ ಡೆಕ್ಕು, ಅಂದರೆ ಸ್ಟೀರಿಯೋ, ಕೂಡಿಸುವುದು ಕೆಲಸ. ಹಾಗಾಗಿ ಊರಿಗೆಲ್ಲ ಅವರು ಡೆಕ್ ಹನುಮಂತಪ್ಪ. ಹುಟ್ಟಿದ್ದು ಗಾದಿಗನೂರು. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗಳ ಸಾಲು ಮುಗಿಯುವಲ್ಲಿ, ಒಂದು ಬೇವಿನ ಮರದ ಕೆಳಗೆ ನಾಲ್ಕು ತಗಡು ಹೊದಿಸಿದ ಜಾಗವೇ ಅವರ ಅಂಗಡಿ. ಅದಿರಿನ ಟಿಪ್ಪರುಗಳು ಓಡಾಡಿ ಆ ಬೇವಿನ ಎಲೆಯೂ ಕೆಂಪಗಿತ್ತು. "ಧೂಳಂದ್ರ ಸ್ಪೀಕರಿಗೆ ಶನಿ ಇದ್ದಂಗ" ಎನ್ನುತ್ತ ದಿನಕ್ಕೆರಡು ಸಲ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ಗಿಡ್ಡ ಆಳು, ದಪ್ಪ ಮಣಿಕಟ್ಟು, ಅಂಗಿಯ ಜೇಬಿನಲ್ಲಿ ಮೂರು ಸ್ಕ್ರೂಡ್ರೈವರು, ಅವುಗಳ ನಡುವೆ ಮೊಬೈಲು. ಆ ಮೊಬೈಲು ರಿಂಗಾದದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಅದು ಸದಾ ವೈಬ್ರೇಟಿನಲ್ಲಿರುತ್ತಿತ್ತು. ಕರೆ ಬಂದರೆ ಎದೆ ಮುಟ್ಟಿಕೊಂಡು, ಗಾಬರಿಯಾದವರ ಹಾಗೆ ಎದ್ದು ನಿಲ್ಲುತ್ತಿದ್ದರು. ನಾವು ಮಾತಾಡುವಾಗ ನಮ್ಮ ಕಣ್ಣು ನೋಡದೆ ಬಾಯಿಯನ್ನೇ ನೋಡುತ್ತಿದ್ದರು. ಇದೆಂಥ ನೋಟ ಎಂದು ಮೊದಲ ದಿನ ನನಗೆ ಸಿಟ್ಟೂ ಬಂದಿತ್ತು.

ನಾನು ಕಮಲಾಪುರದವಳು. ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಬಸ್ಸಿಗೆ ಕಾದು ಕಾದು ಸಾಕಾಗಿ ಒಂದು ಸಣ್ಣ ಬಿಳಿ ಕಾರು ತೆಗೆದುಕೊಂಡೆ. ಅದರಲ್ಲಿ ಕಂಪನಿಯವರೇ ಕೂಡಿಸಿಕೊಟ್ಟ ಸ್ಟೀರಿಯೋ ಇತ್ತು. ದೊಡ್ಡ ಸ್ಕ್ರೀನು, ಬಣ್ಣಬಣ್ಣದ ದೀಪ. ದನಿ ಮಾತ್ರ ಉಪವಾಸ ಬಿದ್ದವರದು. ಅದರಲ್ಲಿ ನಾನು ಕೇಳಬೇಕಾಗಿದ್ದದ್ದು ಒಂದೇ ಒಂದು. ನನ್ನ ಅಪ್ಪ ಕಂಪ್ಲಿಯಲ್ಲಿ ಬಯಲಾಟಕ್ಕೆ ಮದ್ದಲೆ ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಎರಡು ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಿದ್ದೆ. ಅಪ್ಪ ಮದ್ದಲೆಯ ಎಡಗಡೆಗೆ ಹಿಟ್ಟು ಮೆತ್ತಿ ಒಂದು ಪೆಟ್ಟು ಕೊಟ್ಟರೆ ನಾವು ಕೂತ ನೆಲ ಅದುರುತ್ತಿತ್ತು. ಕಾರಿನ ಸ್ಟೀರಿಯೋದಲ್ಲಿ ಹಾಕಿದರೆ ಬಿಸ್ಕತ್ತಿನ ಡಬ್ಬಿ ಬಡಿದ ಹಾಗೆ ಕೇಳುತ್ತಿತ್ತು. ಅಪ್ಪನನ್ನು ಯಾರೋ ಅಣಕಿಸಿದ ಹಾಗೆ ಆಗಿ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ.

ಶೋರೂಮಿನಲ್ಲಿ ಕೇಳಿದರೆ, ಹೊರಗಿನವರು ವೈರಿಗೆ ಕತ್ತರಿ ಹಾಕಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸಿದರು. ನಮ್ಮ ಮನೆಯವರು, "ಆಂಪ್ಲಿ, ವೂಫರು ಇವೆಲ್ಲ ಜೀಪಿನ ಹುಡುಗರ ಚಟ. ನಲವತ್ತೈದು ದಾಟಿದ ಟೀಚರಮ್ಮಗ ಯಾಕ ಬೇಕು?" ಎಂದು ನಕ್ಕರು. ಬೇಕೆಂದರೆ ಬೇಕು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿದವಳೇ ಕಾರನ್ನು ಸೀದಾ ಆ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ.

ಅಲ್ಲಿ ಆಗ ಸಂಡೂರಿನ ಒಬ್ಬ ಜೀಪಿನವನ ಜೊತೆ ಜಗಳ ನಡೆದಿತ್ತು. ಅವನಿಗೆ ಅವಸರ, ತಂಗಿಯ ಮದುವೆಯ ಮೆರವಣಿಗೆಗೆ ಜೀಪು ಬೇಕು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಬರುವ ದಪ್ಪ ವೈರಿಗೆ ಫ್ಯೂಸು ಹಾಕುವುದೊಂದು ಬಾಕಿ ಇತ್ತು. ಸರಿಯಾದ ಫ್ಯೂಸು ತರಲು ಹನುಮಂತಪ್ಪ ಪೇಟೆಗೆ ಹೋಗಬೇಕಿತ್ತು.

"ಫ್ಯೂಸ್ ನಾಳೆ ಹಾಕಿದ್ರಾತು ಬಿಡ್ರಿ, ಜಲ್ದಿ ಕೊಡ್ರಿ" ಎಂದ ಅವನು.

"ಬ್ಯಾಟರಿಯಿಂದ ಒಂದು ಗೇಣಿನೊಳಗ ಫ್ಯೂಸ್ ಇರಬೇಕು. ಇಲ್ಲಂದ್ರ ಗಾಡಿ ಹೊರಗ ಹೋಗಂಗಿಲ್ಲ."

"ನಂದು ಗಾಡಿ, ನಂದು ಜೀವ ರೀ."

"ಗಾಡಿ ನಿಂದು ಹೌದಪ. ವೈರ್ ನಂದು." ಹಾಗೆಂದವರೇ ಬಾನೆಟ್ಟು ಎತ್ತಿ, ತಾವು ಎಳೆದಿದ್ದ ಕೆಂಪು ವೈರನ್ನು ಸರಸರ ಬಿಚ್ಚಿ ಸುತ್ತಿ ಭುಜಕ್ಕೆ ಹಾಕಿಕೊಂಡುಬಿಟ್ಟರು. ಹುಡುಗ ಬಾಯಿಗೆ ಬಂದಂತೆ ಬೈದ. ಇವರು ಕೇಳಿಸಲಿಲ್ಲವೇನೋ ಎಂಬಂತೆ ಅಂಗಳಕ್ಕೆ ನೀರು ಹೊಡೆಯಲು ಶುರು ಮಾಡಿದರು. ಕೊನೆಗೆ ಹುಡುಗನೇ ಪೇಟೆಗೆ ಹೋಗಿ ಫ್ಯೂಸು ತಂದ. ನನಗೆ ಆಗಲೇ ಮನಸ್ಸಿನಲ್ಲಿ ನಿಶ್ಚಯವಾಯಿತು, ನನ್ನ ಕಾರು ಈ ಮನುಷ್ಯನಿಗೇ ಎಂದು.

ಅದೇ ಜೀಪಿನಲ್ಲಿ ಅವರ ಇನ್ನೊಂದು ಪದ್ಧತಿಯನ್ನೂ ನೋಡಿದೆ. ಬಾಗಿಲ ಒಳಗಿನ ಪ್ಯಾನೆಲ್ಲನ್ನು ಮುಚ್ಚುವ ಮೊದಲು ಅದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಹಿಂಬದಿಯಲ್ಲಿ ಕಪ್ಪು ಮಾರ್ಕರಿನಿಂದ ಬರೆಯುತ್ತ ಕೂತರು. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಫ್ಯೂಸು ಎಲ್ಲಿದೆ, ಅರ್ತ್ ಎಲ್ಲಿ ಕಟ್ಟಿದೆ, ಎಲ್ಲ ಚಿತ್ರಸಮೇತ. ಕೆಳಗೆ 'ಕೆಲಸ: ಹನುಮಂತಪ್ಪ, ಗಾದಿಗನೂರು' ಎಂದು ಸಹಿ.

"ಯಾರು ನೋಡ್ತಾರ್ರಿ ಅದನ್ನ ಅಲ್ಲಿ?" ಎಂದೆ.

"ಮುಂದ ಬಿಚ್ಚಾಂವ ನೋಡ್ತಾನ್ರಿ. ನಾನು ಸತ್ತಿರ್ತೀನೋ ಇದ್ದಿರ್ತೀನೋ. ಕತ್ತಲದಾಗ ವೈರ್ ಹುಡುಕೂದು ಹೆಂಗಿರತೈತಿ ಅಂತ ನಂಗೊತ್ತೈತಿ." ಸಂಡೂರಿನ ಗಣಿಯೊಂದರಲ್ಲಿ ಅವರು ಹನ್ನೊಂದು ವರ್ಷ ಅದಿರು ಪುಡಿ ಮಾಡುವ ಕ್ರಷರಿನ ಹತ್ತಿರ ಎಲೆಕ್ಟ್ರಿಷಿಯನ್ ಆಗಿದ್ದರಂತೆ. ಅಲ್ಲಿ ಯಾರೋ ಎಳೆದ ವೈರನ್ನು ಇನ್ಯಾರೋ ಹುಡುಕುವುದೇ ಕೆಲಸವಾಗಿತ್ತಂತೆ.

ನನ್ನ ಸರದಿ ಬಂತು. ಉಳಿದ ಅಂಗಡಿಗಳಲ್ಲಿ ಎಷ್ಟು ವ್ಯಾಟ್ಸ್ ಬೇಕು, ಎಷ್ಟಿಂಚಿನ ವೂಫರು ಬೇಕು ಎಂದು ಕೇಳಿದ್ದರು. ಇವರು ಕೇಳಿದ್ದು, "ಏನ್ ಕೇಳ್ತೀರಿ?" ಎಂದು. ಮದ್ದಲೆ ಹಾಕಿದೆ. ಅಂಗೈ ಬಾಗಿಲಿಗೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು.

"ಬಲಗೈ ಕೇಳತೈತಿ. ಎಡಗೈ ಬರವಲ್ದು. ಯಾರ್ರಿ ಬಾರಸಾಂವ?"

"ನಮ್ಮಪ್ಪ."

"ಇದಾರೇನ್ರಿ?"

"ಇಲ್ಲ."

ಅವರು ತಲೆಯಾಡಿಸಿದರು. "ಹಂಗಾರ ಎಡಗೈ ತರಬೇಕು" ಎಂದರು. ಅದನ್ನು ಬ್ಯಾಟರಿ ಬದಲಿಸಬೇಕು ಎನ್ನುವಷ್ಟು ಸಲೀಸಾಗಿ ಹೇಳಿದರು.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಕಂಪನಿಯ ಒಂದು ವೈರಿಗೂ ಅವರು ಕತ್ತರಿ ತಾಗಿಸಲಿಲ್ಲ. ಕಂಪನಿಯ ಜೋಡಣೆಗೆ ಸರಿಯಾಗಿ ಕೂಡುವ ಇನ್ನೊಂದು ಜೋಡಣೆ ಮಾಡಿ, ಸ್ಟೀರಿಯೋದಿಂದ ಸ್ಪೀಕರಿಗೆ ಹೋಗುವ ದನಿಯನ್ನು ಒಂದು ಸಣ್ಣ ಕನ್ವರ್ಟರ್ ಡಬ್ಬಿಯ ಮೂಲಕ ಆಂಪ್ಲಿಫೈಯರಿಗೆ ಕೊಟ್ಟರು. "ನಾಳೆ ನಿಮಗ ಬ್ಯಾಡ ಅನಿಸಿದ್ರ ಕಿತ್ತು ಮೊದಲಿನಂಗ ಮಾಡಬಹುದು. ಗಂಡನ ಮನಿಗೆ ಬಂದ ಸೊಸಿ ತವರುಮನಿ ಸೀರಿ ಸುಡಬೇಕಂತ ಏನೈತ್ರಿ?" ಎಂದರು. ಕರೆಂಟಿನ ವೈರು ಕಾರಿನ ಎಡಬದಿಗೆ, ದನಿಯ ವೈರು ಬಲಬದಿಗೆ. ಅಕ್ಕಪಕ್ಕ ಮಲಗಿಸಿದರೆ ಎರಡೂ ಪಿಸುಗುಟ್ಟುತ್ತವಂತೆ. ಡಿಕ್ಕಿಯಲ್ಲಿಡುವ ವೂಫರಿಗೆ, ಅಂದರೆ ದಪ್ಪ ದನಿಯ ಸ್ಪೀಕರಿಗೆ, ಗಟ್ಟಿ ಪ್ಲೈವುಡ್ಡಿನ ಪೆಟ್ಟಿಗೆಯನ್ನು ತಾವೇ ಮಾಡಿದರು. ಜೀಪಿನವರಿಗೆ ಮಾಡಿಕೊಡುವ ಪೆಟ್ಟಿಗೆಗೆ ಗಾಳಿ ಬಿಡುವ ತೂತಿರುತ್ತಿತ್ತು, ನನ್ನದಕ್ಕಿಲ್ಲ. ಯಾಕೆಂದು ಕೇಳಿದೆ.

"ತೂತಿದ್ರ ಭಾಳ ಗುಮ್ಮಂತೈತ್ರಿ, ಮೆರವಣಿಗಿಗೆ ಮಸ್ತ್. ಆದ್ರ ಪೆಟ್ಟಿನ ಹಿಂದ ಸಪ್ಪಳದ ಬಾಲ ಉಳೀತೈತಿ. ಮದ್ದಲಿಗೆ ಬಾಲ ಇರಬಾರದು. ಬಡದಂಗ ಬಡೀಬೇಕು, ನಿಂತಂಗ ನಿಲ್ಲಬೇಕು."

ಎರಡನೆಯ ಸಂಜೆ ಕೂತು ಕೇಳಿದೆ. ಅಪ್ಪನ ಎಡಗೈ ಬಂತು. ಸೀಟಿನ ಬೆನ್ನಿನಿಂದ ನನ್ನ ಬೆನ್ನಿಗೆ ಬಂತು. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹನುಮಂತಪ್ಪ ಹೊರಗೆ ನಿಂತು, ಬಾಗಿಲ ಮೇಲೆ ಅಂಗೈಯಿಟ್ಟು, ತಮ್ಮ ಪಾಡಿಗೆ ತಾವು ತಾಳ ಹಾಕುತ್ತಿದ್ದರು.

ಸಂತೋಷ ಕಮಲಾಪುರ ಮುಟ್ಟುವವರೆಗೆ ಮಾತ್ರ. ಎಂಜಿನ್ನು ಓಡುವಾಗ ಹಾಡಿನ ಹಿಂದೆ ಒಂದು ಸಣ್ಣ ದನಿ 'ಕುಂಯ್' ಎಂದು ಎಳೆಯುತ್ತಿತ್ತು. ಆಕ್ಸಿಲರೇಟರು ತುಳಿದರೆ ಅದೂ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಅಪ್ಪ ಒಂದು ಮುಕ್ತಾಯ ಹಾಕಿ ಕೈ ನಿಲ್ಲಿಸಿದಾಗ, ಆ ಮೌನದೊಳಗೆ ಈ ಕುಂಯ್. ತಲೆ ಸಿಡಿಯುವಂತಾಯಿತು.

ಮರುದಿನವೇ ಕಾರು ಒಯ್ದೆ. ಅವರು ಒಳಗೆ ಕೂತರು, ಎಂಜಿನ್ನು ಶುರು ಮಾಡಿದರು, ಕಣ್ಣು ಮುಚ್ಚಿದರು. "ಮಸ್ತ್ ಐತಲ್ರಿ" ಎಂದರು.

"ಕುಂಯ್ ಅನ್ನಾಕತ್ತೈತ್ರಿ."

"ಇಲ್ರಿ ಟೀಚರ್. ನಿಮ್ಮ ಕಿವಿಗೆ ಹೊಸದು, ಅದಕ್ಕ ಹಂಗ ಅನಿಸತೈತಿ."

ಎರಡು ದಿನ ಬಿಟ್ಟು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದೆ. ಕಿವಿಗೆ ಹಿಡಿದುಕೊಂಡು ಕೇಳಿದರು. "ಇದ್ರಾಗ ಏನೂ ಇಲ್ಲಲ್ರಿ" ಎಂದು ಮೊಬೈಲು ವಾಪಸು ಕೊಟ್ಟರು. ನನಗೆ ಮೈ ಉರಿದು ಹೋಯಿತು. ಜೀಪಿನ ಹುಡುಗನ ಫ್ಯೂಸಿಗೆ ಅಷ್ಟು ಹಟ ಹಿಡಿದ ಮನುಷ್ಯ, ತನ್ನ ತಪ್ಪು ಒಪ್ಪಿಕೊಳ್ಳುವುದಕ್ಕೆ ಇಷ್ಟು ಮೊಂಡೇ? "ತಪ್ಪು ಆದ್ರ ಆತು ಅನ್ರಿ. ಸುಳ್ಳು ಯಾಕ ಹೇಳ್ತೀರಿ?" ಎಂದುಬಿಟ್ಟೆ. ಅವರ ಮುಖ ಕಪ್ಪಿಟ್ಟಿತು. ಇನ್ನೊಂದು ಕಾರಿನ ಕೆಳಗೆ ಹೋಗಿ ಮಲಗಿದರು.

ಮೂರನೆಯ ಸಲ ನಾನು ಪಂಚಾಯಿತಿ ಮಾಡಿಸಲೆಂದೇ ಹೋದೆ. ಪಕ್ಕದ ಪಂಕ್ಚರ್ ಅಂಗಡಿಯ ಮೌಲಾಸಾಬರನ್ನು ಕರೆದು ಕಾರಿನಲ್ಲಿ ಕೂಡಿಸಿ ಎಂಜಿನ್ನು ಶುರು ಮಾಡಿದೆ. ಮೌಲಾಸಾಬರು ಹನುಮಂತಪ್ಪನವರ ಬಾಲ್ಯದ ಗೆಳೆಯರು, ಅವರ ಪರವಾಗಿಯೇ ಮಾತಾಡಬೇಕಾದವರು. ಆದರೂ ಕೂತ ಕ್ಷಣಕ್ಕೇ, "ಲೇ ಹನುಮ, ಕುಂಯ್ ಅಂತೈತಲ್ಲೋ ಸೊಳ್ಳಿ ಹೊಕ್ಕಂಗ" ಎಂದುಬಿಟ್ಟರು.

ಹನುಮಂತಪ್ಪ ನಮ್ಮಿಬ್ಬರ ಮುಖವನ್ನೂ ನೋಡಿದರು. ಕೈ ಒಳಗೆ ಹಾಕಿ ಎಂಜಿನ್ನು ಆರಿಸಿದರು. "ಈಗ?" ಇಲ್ಲ ಎಂದೆವು. ಮತ್ತೆ ಶುರು ಮಾಡಿದರು. "ಈಗ?" ಐತಿ ಎಂದೆವು. ಹೀಗೆ ಮೂರು ಸಲ. ಆಮೇಲೆ ಎಂಜಿನ್ನು ಆರಿಸಿ, ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತರು. ಗಿರಾಕಿ ಬಂದದ್ದರಿಂದ ಮೌಲಾಸಾಬರು ಎದ್ದು ಹೋದರು. ಹೋಗುವಾಗ ಗೆಳೆಯನ ಹೆಗಲು ಮುಟ್ಟಿ ಹೋದರು.

"ಸುಳ್ಳು ಹೇಳಿಲ್ರಿ ನಾನು," ಎಂದರು ಹನುಮಂತಪ್ಪ. "ನಂಗ ಕೇಳವಲ್ದು."

ನಾನು ಕಾರಿನಿಂದ ಇಳಿದು ಅವರ ಎದುರಿಗೆ ಬಂದು ನಿಂತೆ.

"ಕಿವಿನ ಕ್ರಷರ್ ತಿಂದೈತಿ. ದಪ್ಪ ಸಪ್ಪಳ ಕೇಳತೈತಿ, ಸಣ್ಣ ಸಪ್ಪಳ ಹೋಗೇತಿ. ಕುಕ್ಕರ್ ಸೀಟಿ ಕೇಳವಲ್ದು, ಮೊಬೈಲ್ ಕೇಳವಲ್ದು. ಅವೆಲ್ಲ ಹೋದ್ರ ಹೋಗಲಿ ಅಂತಿದ್ದೆ. ಇದು ಕೆಲಸಕ್ಕ ಬಂತಲ್ರಿ." ಜೇಬಿನ ಸ್ಕ್ರೂಡ್ರೈವರು ಮುಟ್ಟಿಕೊಳ್ಳುತ್ತ, "ಕಿವಿ ಹೋದಾಂವನ ಕಡೆ ಡೆಕ್ ಕೂಡಸಾಕ ಯಾರ್ ಬರ್ತಾರ್ರಿ? ನಂಗ ಬರೂದು ಇದೊಂದ ಕೆಲಸ" ಎಂದರು.

ಅವರನ್ನು ಸುಳ್ಳ ಎಂದಿದ್ದೆನಲ್ಲ, ಆ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ಹೋಗಲಿ ಬಿಡಿ, ಹಾಗೇ ಇರಲಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಎದ್ದು ಅಂಗಿಯ ತೋಳು ಮಡಚಿದರು.

"ಬರ್ರಿ, ಒಳಗ ಕುಂದ್ರಿ. ಸಪ್ಪಳ ಇರೂತನಕ ಕೈ ಎತ್ತಿ ಹಿಡೀರಿ. ಹೋದ ಕೂಡ್ಲೆ ಇಳಸ್ರಿ. ಕೇಳೂದು ನೀವು, ಹುಡುಕೂದು ನಾನು."

ನಾನು ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ನು ಓಡಿಸುತ್ತ, ಪಾಠ ಬಾರದ ವಿದ್ಯಾರ್ಥಿನಿಯ ಹಾಗೆ ಬಲಗೈ ಎತ್ತಿ ಹಿಡಿದೆ. ಅವರು ಮೊದಲು ದನಿಯ ವೈರನ್ನು ಪೂರ್ತಿ ಬಿಚ್ಚಿ ಬೇರೆ ಎಳೆದರು. ಕೈ ಮೇಲೇ ಇತ್ತು. ಆಂಪ್ಲಿಫೈಯರಿನ ಅರ್ತ್ ವೈರನ್ನು, ಅಂದರೆ ಕಾರಿನ ಮೈಗೆ ಕಟ್ಟುವ ವೈರನ್ನು, ಇನ್ನೊಂದು ಬೋಲ್ಟಿಗೆ ಬಣ್ಣ ಕೆರೆದು ಕಟ್ಟಿದರು. ಕೈ ಮೇಲೇ ಇತ್ತು. ಆಂಪ್ಲಿಫೈಯರಿನಲ್ಲಿ ದನಿ ಏರಿಸುವ ತಿರುಗಣೆಯನ್ನು ಇಳಿಸಿದರು. ಕುಂಯ್ ಕಮ್ಮಿಯಾಯಿತು, ಅಪ್ಪನ ಎಡಗೈಯೂ ಕಮ್ಮಿಯಾಯಿತು. ಅದನ್ನು ಅವರ ಅಂಗೈಯೇ ಕಂಡುಹಿಡಿದು, "ಇದು ಮೋಸ" ಎಂದು ಮತ್ತೆ ಏರಿಸಿದರು. ಜೂನ್ ತಿಂಗಳ ಸೆಕೆ. ಮೂರು ತಾಸು ಕಳೆದಿತ್ತು. ಅವರ ಬೆನ್ನು ತೊಯ್ದು ಅಂಗಿ ಮೈಗಂಟಿತ್ತು. ಪ್ರತಿ ಸಲ ಡಿಕ್ಕಿಯಿಂದ ತಲೆಯೆತ್ತಿ ಗಾಜಿನ ಮೂಲಕ ನನ್ನ ಕೈಯನ್ನು ನೋಡುವಾಗಿನ ಆ ಮುಖ ನನ್ನಿಂದ ನೋಡಲಾಗಲಿಲ್ಲ.

ನಾಲ್ಕನೆಯ ಸಲ ಅವರು ಹಾಗೆ ತಲೆಯೆತ್ತಿದಾಗ ನಾನು ಕೈ ಇಳಿಸಿಬಿಟ್ಟೆ. ಕುಂಯ್ ಇತ್ತು. ಆದರೂ ಇಳಿಸಿದೆ.

ಅವರು ಬಾಗಿಲ ಹತ್ತಿರ ಬಂದು ನಿಂತು ನನ್ನ ಬಾಯಿ ನೋಡಿದರು. "ಹೋತೇನ್ರಿ?"

"ಹೋತ್ರಿ."

"ಖರೆ?"

ನಾನು ಸ್ಟೀರಿಂಗ್ ನೋಡಿದೆ.

"ಟೀಚರ್, ನಂಗ ನಿಮ್ಮ ಕರುಣಾ ಬ್ಯಾಡ. ಕೈ ಬೇಕು" ಎಂದರು. ಸಿಟ್ಟಿನಿಂದಲೇ ಹೇಳಿದರು. "ನೀವು ಸುಳ್ಳು ಕೈ ತೋರಿಸಿದ್ರ ನನಗ ಎರಡೂ ಕಿವಿ ಹೋದಂಗ."

ಇಪ್ಪತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿಕೊಟ್ಟವಳಿಗೆ ಅಷ್ಟು ಸರಿಯಾಗಿ ಯಾರೂ ಬೈದಿರಲಿಲ್ಲ. ಕೈಯನ್ನು ಮತ್ತೆ ಮೇಲೆತ್ತಿದೆ.

ಕೊನೆಗೆ ಆ ಸಣ್ಣ ಕನ್ವರ್ಟರ್ ಡಬ್ಬಿಯ ಅರ್ತ್ ಮೇಲೆ ಅವರಿಗೆ ಅನುಮಾನ ಬಂತು. ಅದನ್ನು ಮುಂದೆ ಡ್ಯಾಶ್‌ಬೋರ್ಡಿನ ಕೆಳಗೆ ಕಟ್ಟಿದ್ದರು, ಆಂಪ್ಲಿಫೈಯರಿನದನ್ನು ಹಿಂದೆ ಡಿಕ್ಕಿಯಲ್ಲಿ. "ಒಂದ ಎಮ್ಮಿನ ಎರಡು ಗೂಟಕ್ಕ ಕಟ್ಟೀನಿ, ಒದರದ ಏನ್ ಮಾಡತೈತಿ?" ಎನ್ನುತ್ತ ಮುಂದಿನದನ್ನು ಬಿಚ್ಚಿ ಹಿಂದಕ್ಕೆ ಎಳೆದು ತಂದರು. ಐದನೆಯ ಸಲ ಬೋಲ್ಟು ಪೂರ್ತಿ ಬಿಗಿಯಾಗಿರಲಿಲ್ಲ, ಬಿಟ್ಟು ಬಿಟ್ಟು ಒದರಿತು. ಆರನೆಯ ಸಲ ಬಿಗಿದರು. ಕುಂಯ್ ದೀಪ ಆರಿದ ಹಾಗೆ ನಿಂತುಹೋಯಿತು. ಮದ್ದಲೆ ಮಾತ್ರ ಉಳಿಯಿತು, ಪೆಟ್ಟು ಮತ್ತು ಪೆಟ್ಟುಗಳ ನಡುವಿನ ಮೌನ. ನಾನು ಕೈ ಇಳಿಸಿದೆ.

"ಖರೆ?"

"ಖರೆ."

ಹನುಮಂತಪ್ಪ ಬೇವಿನ ಮರಕ್ಕೆ ಒರಗಿ ನಕ್ಕರು. ಆಮೇಲೆ ಕಾರಿನ ಬಾಗಿಲ ಪ್ಯಾನೆಲ್ಲನ್ನು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು, "ನೀವು ಮೌಲಾನ ಕಡೆ ಚಾ ಕುಡ್ಯಾಕ ಹೋಗ್ರಿ. ಬರೆಯೂವಾಗ ಯಾರಾದ್ರೂ ನಿಂತ್ರ ನಂಗ ಅಕ್ಷರ ತಪ್ಪತಾವು, ಅದ್ರಾಗ ನೀವು ಕನ್ನಡ ಟೀಚರು" ಎಂದು ನನ್ನನ್ನು ಅಟ್ಟಿದರು. ಚಹಾ ಕುಡಿದು ಬರುವಷ್ಟರಲ್ಲಿ ಪ್ಯಾನೆಲ್ಲು ಮುಚ್ಚಿಯಾಗಿತ್ತು.

ಅಲ್ಲಿಂದ ಮೂರು ವರ್ಷ ನಾನು ಅವರಿಗೆ ಕೈಯಾದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಕಮಲಾಪುರದಲ್ಲಿ ಕಾರು ನಿಲ್ಲಿಸದೆ ಸೀದಾ ಹೊಸಪೇಟೆಗೆ ಹೋಗುತ್ತಿದ್ದೆ. ವಾರದಲ್ಲಿ ಮುಗಿಸಿದ ಗಾಡಿಗಳನ್ನು ಅವರು ಶನಿವಾರ ಮಧ್ಯಾಹ್ನಕ್ಕೆ ಬನ್ನಿ ಎಂದು ಕರೆಸಿರುತ್ತಿದ್ದರು. ಒಂದೊಂದರಲ್ಲಿ ನಾನು ಕೂತು ಕೈ ಎತ್ತುವುದು, ಇಳಿಸುವುದು. ಹಂಪಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಕಾರುಗಳು, ಸಂಡೂರಿನ ಜೀಪುಗಳು, ಒಮ್ಮೆ ಒಂದು ಟ್ರ್ಯಾಕ್ಟರು. ನನಗೆ ಗೊತ್ತಿಲ್ಲದ ಎಂಥೆಂಥ ಹಾಡುಗಳನ್ನು ಕೇಳಿದ್ದೇನೆ! ಪ್ರತಿ ಸಲ ಅವರದು ಅದೇ ಪ್ರಶ್ನೆ, "ಖರೆ?" ನನ್ನದು ಅದೇ ಉತ್ತರ. ಗಿರಾಕಿಗಳಿಗೆ, "ಟೀಚರ್ ಟೆಸ್ಟಿಂಗ್ ಮಾಡ್ತಾರ" ಎಂದಷ್ಟೇ ಹೇಳುತ್ತಿದ್ದರು. "ಡೆಕ್ಕಿಗೂ ಪರೀಕ್ಷಾ ಬಂತಲೇ" ಎಂದು ಹುಡುಗರು ನಗುತ್ತಿದ್ದರು. ನಮ್ಮ ಸ್ಟಾಫ್ ರೂಮಿನಲ್ಲೂ ಗುಸುಗುಸು ಇತ್ತು. ಮೇಡಂ ಗ್ಯಾರೇಜಿನಲ್ಲಿ ಏನು ಮಾಡುತ್ತಾರೆ ಎಂದು ಒಬ್ಬರು ಕೇಳಿಯೂ ಕೇಳಿದರು. "ಕೈ ಎತ್ತುತ್ತೇನೆ" ಎಂದೆ. ಆಮೇಲೆ ಯಾರೂ ಕೇಳಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನಮಗೆ ಜಗಳವಾಗುತ್ತಿತ್ತು. "ಗಿರಾಕಿಗೆ ಇದ್ದದ್ದು ಇದ್ದಂಗ ಹೇಳಿಬಿಡ್ರಿ. ಮುಚ್ಚಿಡೂದು ಯಾಕ?" ಎನ್ನುತ್ತಿದ್ದೆ.

"ಕಣ್ಣು ಮಂಜಾದ ಟೇಲರ್ ಕಡೆ ನೀವು ಜಂಪರ್ ಹೊಲಿಯಾಕ ಕೊಡ್ತೀರೇನ್ರಿ?" ಎಂದು ಕೇಳುತ್ತಿದ್ದರು. ಕೊಡುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನನ್ನ ಕಾಟಕ್ಕೆ ಬಳ್ಳಾರಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದರು. ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿ ಒಂದು ಮಷಿನ್ನು ಕೊಟ್ಟರು. ಮಾತಿಗೆ ಅದನ್ನು ಹಾಕಿಕೊಳ್ಳುತ್ತಿದ್ದರು, ಕೆಲಸಕ್ಕೆ ತೆಗೆದು ಜೇಬಿನಲ್ಲಿಡುತ್ತಿದ್ದರು. "ಇದು ತನ್ನ ಸಪ್ಪಳಾನೂ ಸೇರಸತೈತ್ರಿ. ನಂಗ ನಿಮ್ಮ ಕೈನ ಸಾಕು." ನಾನು ಸಲಿಗೆಯಿಂದ, "ಹಂಗಾರ ಬೋರ್ಡಿನ ಮ್ಯಾಲ ನನ್ನ ಹೆಸರೂ ಹಾಕ್ರಿ ಮತ್ತ" ಎಂದು ಕಾಡಿಸುತ್ತಿದ್ದೆ. "ಬೋರ್ಡ್ ಎಲ್ಲೈತ್ರಿ ನಂದು?" ಎಂದು ತಗಡು ತೋರಿಸಿ ನಗುತ್ತಿದ್ದರು. ನಿಜವೇ, ಅವರ ಅಂಗಡಿಗೆ ಬೋರ್ಡೇ ಇರಲಿಲ್ಲ.

ಕಳೆದ ಬೇಸಗೆಯಲ್ಲಿ, ಶಾಲೆಗೆ ರಜೆ ಬಿಡುವ ಮೊದಲಿನ ಶನಿವಾರ, ಒಂದು ಜೀಪಿನಲ್ಲಿ ಕೂತು ಕೈ ಇಳಿಸಿ, ಖರೆ ಎಂದು ಹೇಳಿ ಬಂದೆ. ಅದೇ ಕೊನೆ. ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ನನಗೆ ಮೌಲಾಸಾಬರು ಫೋನು ಮಾಡಿದರು. ಗಾದಿಗನೂರಿಗೆ ಹೋದೆ. ಅವರ ಹೆಂಡತಿ ಗಂಗಮ್ಮ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಬೇವಿನ ಮರದ ಕೆಳಗೆ ಈಗ ಒಬ್ಬರು ಎಳನೀರು ಮಾರುತ್ತಾರೆ. ಅಂಗಳಕ್ಕೆ ನೀರು ಹೊಡೆಯುವವರಿಲ್ಲ. ನಾನು ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ.

ಮೊನ್ನೆ ಮೊನ್ನೆ ನನ್ನ ಕಾರಿನ ಬಾಗಿಲ ಸ್ಪೀಕರು ಒಮ್ಮೆ ಬಂದು ಒಮ್ಮೆ ನಿಲ್ಲತೊಡಗಿತು. ಕಂಪ್ಲಿಯಲ್ಲೇ, ಶಾಲೆಯ ಹತ್ತಿರ, ಹೊಸಪೇಟೆಯಲ್ಲಿ ಕೆಲಸ ಮಾಡಿ ಬಂದ ಶರಣಪ್ಪ ಎಂಬ ಮೆಕ್ಯಾನಿಕ್ ಒಬ್ಬರು ಹೊಸದಾಗಿ ಅಂಗಡಿ ಹಾಕಿದ್ದಾರೆ. ಅವರ ಹತ್ತಿರ ಒಯ್ದೆ. ಪ್ಯಾನೆಲ್ಲು ಬಿಚ್ಚಿ ಹಿಂದೆ ತಿರುಗಿಸಿದವರೇ, "ಓ, ಇದೂ ಅವರ್ದ ಏನ್ರಿ ಕೆಲಸ!" ಎಂದರು. "ಭಾಳ ಗಾಡ್ಯಾಗ ನೋಡೀನ್ರಿ ಈ ಬರಹ. ಇದಿದ್ರ ನಮ್ಮ ಕೆಲಸ ಅರ್ಧ ಆದಂಗ. ಆದ್ರ ಕೆಳಗ ಒಂದು ಮಾತು ಬರೀತಾರ್ರಿ, ಅದು ತಿಳಿಯವಲ್ದು. ಯಾವುದೋ ಕಂಪನಿ ಹೆಸರು ಅಂತ ತಿಳಕಂಡೀನಿ."

ಪ್ಯಾನೆಲ್ಲು ಕೈಗೆ ತೆಗೆದುಕೊಂಡೆ. ವೈರುಗಳ ಚಿತ್ರ ಇತ್ತು, ಫ್ಯೂಸು ಇತ್ತು. ಎರಡು ಅರ್ತ್ ಒಂದೇ ಬೋಲ್ಟಿಗೆ ಬಂದು ಕೂಡಿದಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ, 'ನಾಲ್ಕನೇ ಸಲ ಸುಳ್ಳು, ಆರನೇ ಸಲ ಖರೆ' ಎಂದಿತ್ತು. ಅದರ ಕೆಳಗೆ ಸಹಿ, ಎರಡು ಸಾಲಿನದು:

ಕೆಲಸ: ಹನುಮಂತಪ್ಪ, ಗಾದಿಗನೂರು.
ಕಿವಿ: ಟೀಚರ್, ಕಮಲಾಪುರ.

"ಎಲ್ಲಾ ಗಾಡ್ಯಾಗೂ ಹಿಂಗ ಐತೇನ್ರಿ?" ಎಂದು ಕೇಳಿದೆ.

"ನಾ ಬಿಚ್ಚಿದ್ದರಾಗ ಎಲ್ಲಾದ್ರಾಗೂ ಐತ್ರಿ. ಸಂಡೂರಿನ ಜೀಪಿನಾಗ, ಹಂಪಿ ಕಾರಿನಾಗ..."

ಒಬ್ಬ ಗಿರಾಕಿಗೂ ತಿಳಿಯಬಾರದು ಎಂದು ಮೂರು ವರ್ಷ ನನ್ನ ಬಾಯಿ ಮುಚ್ಚಿಸಿದ ಮನುಷ್ಯ, ಅಳಿಸಲಾಗದ ಮಾರ್ಕರಿನಲ್ಲಿ, ಗಾಡಿ ಗಾಡಿಗೂ ಅದನ್ನೇ ಬರೆದು ಮುಚ್ಚಿದ್ದರು. ಬದುಕಿರುವಾಗ ಅಂಗಡಿ ನಡೆಯಬೇಕಿತ್ತು, ಅದಕ್ಕೆ ಮುಚ್ಚಿಟ್ಟರು. ಮುಂದೆ ಬಿಚ್ಚುವವನಿಗೆ ಮಾತ್ರ ಒಂದು ವೈರಿನಷ್ಟೂ ಸುಳ್ಳು ಹೇಳಲಿಲ್ಲ. ನಾನು ಆ ಕಪ್ಪು ಅಕ್ಷರಗಳ ಮೇಲೆ ಅಂಗೈಯಿಟ್ಟೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಶರಣಪ್ಪ ಸಡಿಲಾಗಿದ್ದ ತುದಿಯನ್ನು ಬಿಗಿದು, "ಎಂಜಿನ್ ಶುರು ಮಾಡ್ರಿ ಮೇಡಂ, ಒಮ್ಮೆ ಕೇಳಿ ಮುಚ್ಚಿಬಿಡೂಣು" ಎಂದರು. ಮದ್ದಲೆ ಹಚ್ಚಿದೆ. ನನಗೇ ತಿಳಿಯದಂತೆ ಬಲಗೈ ಮೇಲೆ ಹೋಗಿತ್ತು. ಆಕ್ಸಿಲರೇಟರು ತುಳಿದೆ, ಬಿಟ್ಟೆ, ಮತ್ತೆ ತುಳಿದೆ. ಅಪ್ಪನ ಎಡಗೈ ಬಂತು. ಅದು ನಿಂತಾಗ ಏನೂ ಇರಲಿಲ್ಲ. ಕೈ ಇಳಿಸಿದೆ.

"ಖರೆ" ಎಂದೆ.

ಶರಣಪ್ಪ 'ಖರೆ?' ಎಂದು ಕೇಳಿರಲಿಲ್ಲ.